ಚುನಾಯಿತರಲ್ಲದವರಿಗೆ ಚುನಾಯಿತರನ್ನು ಪ್ರಶ್ನಿಸುವ ಹಕ್ಕು ಎಲ್ಲಿಂದ ಬಂತು?

ಪ್ರಶ್ನೆ: ಗ್ರಾಮ ಪಂಚಾಯಿತಿ ಸದಸ್ಯೆ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ನಮ್ಮೂರಿನ ಗ್ರಾಮ ಪಂಚಾಯಿತಿಯ ಚುನಾಯಿತ ಸದಸ್ಯೆ. ಬಹಳ ದಿನಗಳಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು, ಈ ವಿಷಯದಲ್ಲಿ ಓದಿಕೊಂಡವರೂ ಕೆಲಸ ಮಾಡಿದವರೂ ಇಲ್ಲಿದ್ದಾರೆಂಬ ಭರವಸೆಯಿಂದ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಹಿಂದಿನ ಗ್ರಾಮ ಸಭೆಗೆ ತಾಲ್ಲೂಕು ಕೇಂದ್ರದಿಂದ ಒಂದು ಸ್ವಯಂಸೇವಾ ಸಂಸ್ಥೆಯವರು ಬಂದಿದ್ದರು. ಕೆರೆ ಹೂಳೆತ್ತಿದ ಕಾಮಗಾರಿಯ ಕೂಲಿಕಾರರ ಹಾಜರಿಪಟ್ಟಿಯ, ಅಂದರೆ ಎನ್‌ಎಂಆರ್ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಮೊದಲೇ ಪಡೆದುಕೊಂಡಿದ್ದ ಅವರು, ಅದರಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಓದಿ, ಇವರೆಲ್ಲ ನಿಜವಾಗಿ ಕೆಲಸಕ್ಕೆ ಬಂದಿದ್ದರೇ ಎಂದು ಸಭೆಯನ್ನೇ ಕೇಳಿದರು. ಅವರು ಕೇಳಿದ್ದರಲ್ಲಿ ಹುರುಳಿರಲಿಲ್ಲವೆಂದು ನಾನು ಹೇಳಲಾರೆ. ಓದಿದ ಹೆಸರುಗಳಲ್ಲಿ ಕೆಲವು ಆ ವಾರಗಳಲ್ಲಿ ಗೋವಾಕ್ಕೆ ದುಡಿಯಲು ಹೋಗಿದ್ದವರವು ಎಂಬುದು ಅಲ್ಲಿಯೇ ತಿಳಿಯಿತು. ಪರಿಶೀಲಿಸಿ ಮುಂದಿನ ಸಭೆಗೆ ವರದಿ ಇಡುವುದಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಪ್ಪಿಕೊಂಡರು.

ನನ್ನನ್ನು ಕಾಡುತ್ತಿರುವುದು ಬೇರೆಯೇ ಸಂಗತಿ. ನಾನು ಮನೆಮನೆಗೆ ಹೋಗಿ ಮತ ಕೇಳಿ ಗೆದ್ದು ಬಂದವಳು. ನನ್ನ ಕೆಲಸ ಹಿಡಿಸದಿದ್ದರೆ ಅವಧಿ ಮುಗಿದ ಮೇಲೆ ಜನ ನನ್ನನ್ನು ಮನೆಗೆ ಕಳುಹಿಸುತ್ತಾರೆ. ಆ ಸಂಸ್ಥೆಯವರನ್ನು ಆರಿಸಿದವರು ಯಾರು? ಅವರು ತಪ್ಪು ಮಾಡಿದರೆ ಅವರನ್ನು ಕೇಳುವವರು ಯಾರು? ಅವರ ಖರ್ಚಿನ ಹಣ ಎಲ್ಲಿಂದ ಬರುತ್ತದೆ ಎಂಬುದು ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಸದಸ್ಯರಿಗೆ ಕೊಡುವ ತರಬೇತಿಗಳಲ್ಲಿ, ನಾಗರಿಕ ಸಮಾಜ, ಅಂದರೆ ಜನ ತಾವಾಗಿ ಕಟ್ಟಿಕೊಂಡ ಸಂಘ ಸಂಸ್ಥೆಗಳು, ಗಟ್ಟಿಯಾಗಿದ್ದರೆ ಮಾತ್ರ ಪ್ರಜಾಪ್ರಭುತ್ವ ಆರೋಗ್ಯವಾಗಿರುತ್ತದೆ ಎಂದು ಹೇಳುತ್ತಾರೆ. ಆದರೆ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಡಾ. ಅಂಬೇಡ್ಕರ್ ಅವರೇ, ಸಂವಿಧಾನದ ಮಾರ್ಗಗಳು ತೆರೆದಿರುವಾಗ ಅಸಹಕಾರ, ಸತ್ಯಾಗ್ರಹಗಳಂಥ ಮಾರ್ಗಗಳನ್ನು ಕೈಬಿಡಬೇಕು, ಅವು ಅರಾಜಕತೆಯ ವ್ಯಾಕರಣವಲ್ಲದೆ ಬೇರೇನಲ್ಲ ಎಂದು ಎಚ್ಚರಿಸಿದ್ದರು. ಮತ ಹಾಕಿ ಪ್ರತಿನಿಧಿಯನ್ನು ಆರಿಸಿದ ಮೇಲೆ, ಮತ ಪಡೆಯದ ಇನ್ನೊಂದು ಗುಂಪು ಜನರ ಹೆಸರಿನಲ್ಲಿ ಮಾತನಾಡುವುದು ಪ್ರಜಾಪ್ರಭುತ್ವಕ್ಕೆ ಹೇಗೆ ಬಲ ಕೊಡುತ್ತದೆ? ಬರೀ ತತ್ವವನ್ನು ಹೇಳದೆ, ನಡೆದ ಸಂಗತಿಗಳನ್ನು ಇಟ್ಟುಕೊಂಡು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.


ಉತ್ತರ 1: ರಾಜ್ಯಶಾಸ್ತ್ರದ ನಿವೃತ್ತ ಅಧ್ಯಾಪಕ, ಧಾರವಾಡ

ಮೇಡಂ, ನಮಸ್ಕಾರ. ಪ್ರಶ್ನೆಯನ್ನು ಬಹಳ ನೇರವಾಗಿ ಕೇಳಿದ್ದೀರಿ. ನಡೆದ ಸಂಗತಿಯನ್ನೇ ಹೇಳಬೇಕೆಂದಿದ್ದೀರಾದ್ದರಿಂದ ನಿಮ್ಮ ಜಿಲ್ಲೆಯದನ್ನೇ ಹೇಳುತ್ತೇನೆ. ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರಲ್ಲಿ ನಡೆದದ್ದನ್ನು ಇಂದಿನ ಎಳೆಯರು ಹೆಚ್ಚಾಗಿ ಕೇಳಿಲ್ಲ. ಆಗ ಅದು ಅವಿಭಜಿತ ಧಾರವಾಡ ಜಿಲ್ಲೆಯಲ್ಲಿತ್ತು.

1984ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರವು ಹರಿಹರದ ಪಾಲಿಫೈಬರ್ಸ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಹುಟ್ಟುಹಾಕಿತು. ಸರ್ಕಾರದ ಪಾಲು ನೂರಕ್ಕೆ 51, ಖಾಸಗಿ ಕಂಪನಿಯ ಪಾಲು 49. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸುವುದಕ್ಕಾಗಿ ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆಯಷ್ಟು ಸಿ ಮತ್ತು ಡಿ ವರ್ಗದ ಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಡುವುದು ಆ ಒಪ್ಪಂದದ ತಿರುಳು. ಕಾಗದದ ಮೇಲೆ ಅದು ಬೀಳು ಭೂಮಿ. ಊರಿನವರ ಪಾಲಿಗೆ ಅದು ದನ ಮೇಯಿಸುವ, ಉರುವಲು ಆಯುವ, ಹೊಲದ ಸಾಮಾನಿಗೆ ಕಟ್ಟಿಗೆ ತರುವ ಜಾಗ. ಎರಡೆಕರೆ ಹೊಲವೂ ಇಲ್ಲದವರು ಎರಡು ಎಮ್ಮೆ ಕಟ್ಟಿಕೊಂಡು ಬದುಕು ಸಾಗಿಸುತ್ತಿದ್ದುದು ಆ ಗೋಮಾಳ, ಗುಡ್ಡಗಳ ಬಲದಿಂದ.

ಇಲ್ಲಿ ಒಂದು ಅಂಶವನ್ನು ದಯವಿಟ್ಟು ಗಮನಿಸಬೇಕು. ಈ ಒಪ್ಪಂದ ಮಾಡಿಕೊಂಡದ್ದು ಸರ್ವಾಧಿಕಾರಿ ಸರ್ಕಾರವೇನಲ್ಲ. ಜನರು 1983ರಲ್ಲಿ ಆರಿಸಿ ತಂದ ರಾಮಕೃಷ್ಣ ಹೆಗಡೆ ಅವರ ಸರ್ಕಾರ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾನೂನು ತಂದು, ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ ಅಧಿಕಾರ ವಿಕೇಂದ್ರೀಕರಣಕ್ಕೆ ಇಡೀ ದೇಶದಲ್ಲಿ ಹೆಸರಾದ ಸರ್ಕಾರವೂ ಅದೇ. ಹಳ್ಳಿಗಳಿಗೆ ಅಧಿಕಾರ ಕೊಡಬೇಕೆಂದು ಮನಸಾರೆ ನಂಬಿದ್ದ ಸರ್ಕಾರವೇ, ಹಳ್ಳಿಗಳ ಸಾಮುದಾಯಿಕ ಭೂಮಿಯನ್ನು ಆ ಹಳ್ಳಿಗಳನ್ನು ಕೇಳದೆ ಕೊಟ್ಟುಬಿಟ್ಟಿತು. ಚುನಾವಣೆಯಲ್ಲಿ ಯಾರೂ ಈ ಭೂಮಿಯ ವಿಷಯ ಎತ್ತಿರಲಿಲ್ಲ, ಆದ್ದರಿಂದ ಮತ ಹಾಕುವಾಗ ಯಾರೂ ಈ ಬಗ್ಗೆ ಅಭಿಪ್ರಾಯ ಹೇಳಿರಲೂ ಇಲ್ಲ. ನಿಮ್ಮ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದರೊಳಗಿದೆ. ಮತದಾರ ತನ್ನ ಒಂದು ಮತದಿಂದ ಒಬ್ಬ ಪ್ರತಿನಿಧಿಯನ್ನು ಆರಿಸಬಲ್ಲ. ಮುಂದಿನ ಐದು ವರ್ಷಗಳಲ್ಲಿ ಆ ಪ್ರತಿನಿಧಿ ತೆಗೆದುಕೊಳ್ಳುವ ನೂರಾರು ತೀರ್ಮಾನಗಳಲ್ಲಿ ಪ್ರತಿಯೊಂದಕ್ಕೂ ಅದರಿಂದಲೇ ಒಪ್ಪಿಗೆ ಸಿಕ್ಕಿತೆಂದು ಹೇಳಲಾಗದು. ಎರಡು ಚುನಾವಣೆಗಳ ನಡುವೆ, ನಿರ್ದಿಷ್ಟವಾದ ಒಂದು ತೀರ್ಮಾನಕ್ಕೆ ಕಾರಣ ಕೊಡಿ ಎಂದು ಕೇಳುವವರು ಬೇಕಾಗುತ್ತಾರೆ.

ಇನ್ನು ಮುಂದೆ ಏನಾಯಿತು ನೋಡಿ. ತುಂಗಭದ್ರೆಯ ಮಾಲಿನ್ಯದ ವಿರುದ್ಧ ಆಗಲೇ ಕೆಲಸ ಆರಂಭಿಸಿದ್ದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರು ಹಳ್ಳಿಹಳ್ಳಿಗೆ ಹೋಗಿ ಒಪ್ಪಂದದ ಒಳಗೇನಿದೆ ಎಂಬುದನ್ನು ಜನರಿಗೆ ಬಿಡಿಸಿ ಹೇಳಿದರು. ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. ಇನ್ನಷ್ಟು ಭೂಮಿಯನ್ನು ಕಂಪನಿಗೆ ವರ್ಗಾಯಿಸದಂತೆ 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ತಡೆ ಕೊಟ್ಟಿತು. ಆ ವರ್ಷದ ನವೆಂಬರ್ 14ರಂದು ಕುಸನೂರಿನಲ್ಲಿ ಸುಮಾರು 2,000 ಮಂದಿ, ಹೆಂಗಸರು ಮಕ್ಕಳಾದಿಯಾಗಿ ಸೇರಿದರು. ಮೊದಲು ಶಾಲೆಯ ಅಂಗಳದಲ್ಲಿ ನಿಂತು, ಯಾವ ಕಾರಣಕ್ಕೂ ಕೈ ಎತ್ತುವುದಿಲ್ಲವೆಂದು ಅಹಿಂಸೆಯ ಪ್ರತಿಜ್ಞೆ ಮಾಡಿದರು. ಡೊಳ್ಳಿನವರನ್ನು ಮುಂದಿಟ್ಟುಕೊಂಡು ನೆಡುತೋಪಿಗೆ ನಡೆದು, ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತು, ಆ ಗುಂಡಿಗಳಲ್ಲೇ ಹಣ್ಣು ಮತ್ತು ಮೇವು ಕೊಡುವ ಗಿಡಗಳನ್ನು ನೆಟ್ಟರು. ಹೋಗುವ ಮುನ್ನ, ಹಚ್ಚಿದ ಗಿಡಗಳಿಗೆ ನೀರೆರೆದು ಕಾಪಾಡುವ ಇನ್ನೊಂದು ಪ್ರತಿಜ್ಞೆಯನ್ನೂ ಮಾಡಿದರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹವೆಂದು ನಮ್ಮ ಭಾಗದಲ್ಲಿ ಕರೆಯುವುದು ಇದನ್ನೇ.

ಒಂದು ಊರಿನಲ್ಲಿ ನೂರು ಸಸಿ ಕಿತ್ತರೆ ಮೂವತ್ತು ಸಾವಿರ ಹೆಕ್ಟೇರಿನ ಯೋಜನೆಗೆ ಏನೂ ಆಗುವುದಿಲ್ಲ. ಅಲ್ಲಿ ನಡೆದದ್ದು ಸರ್ಕಾರದ ಮೇಲಿನ ದಾಳಿಯಾಗಿದ್ದರೆ ಲಾಠಿ ಏಟಿನಿಂದ ಅದು ಮುಗಿದುಹೋಗುತ್ತಿತ್ತು. ಯಾವ ಭೂಮಿಯನ್ನು ಬೀಳು ಎಂದು ಬರೆದಿದ್ದರೋ ಅದಕ್ಕೆ ವಾರಸುದಾರರಿದ್ದಾರೆ ಎಂಬುದನ್ನು ಆ ಸಾವಿರಾರು ಜನ ಬಹಿರಂಗವಾಗಿ, ಬಂಧನಕ್ಕೂ ಸಿದ್ಧರಾಗಿ ತೋರಿಸಿಕೊಟ್ಟರು. ನ್ಯಾಯಾಲಯದಲ್ಲಿ ಪ್ರಕರಣ, ಊರುಗಳಲ್ಲಿ ಚಳವಳಿ, ಪತ್ರಿಕೆಗಳಲ್ಲಿ ಚರ್ಚೆ ಇವೆಲ್ಲ ಸೇರಿ ಒತ್ತಡ ಬೆಳೆದು, 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಆ ತೀರ್ಮಾನವನ್ನು ತೆಗೆದುಕೊಂಡದ್ದು ಸಂಸ್ಥೆಯಲ್ಲ, ಸರ್ಕಾರ. ಅಧಿಕಾರ ಎಲ್ಲಿರಬೇಕೋ ಅಲ್ಲಿಯೇ ಉಳಿಯಿತು. ಅದನ್ನು ಹೊತ್ತವರು ಮರುಯೋಚನೆ ಮಾಡಬೇಕಾಯಿತು. ಇದೇ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು, 2011ರಲ್ಲಿ ಅಲ್ಲಿ ಗಣಿಗಾರಿಕೆ ನಿಂತದ್ದು, 2013ರ ಏಪ್ರಿಲ್‌ನ ತೀರ್ಪಿನಲ್ಲಿ ತೀವ್ರ ಉಲ್ಲಂಘನೆಯ ಗುತ್ತಿಗೆಗಳು ರದ್ದಾದದ್ದು ನಿಮಗೆ ಗೊತ್ತೇ ಇದೆ. ಅಲ್ಲಿಯೂ ಲೋಕಾಯುಕ್ತದ ವರದಿಯಂಥ ಶಾಸನಬದ್ಧ ಸಂಸ್ಥೆಯ ಕೆಲಸ, ಹೊರಗಿನ ನಾಗರಿಕರ ಹಟ ಎರಡೂ ಜೊತೆಯಾದವು. ಒಂದೇ ಇದ್ದಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲವೆಂದೇ ನನ್ನ ಅಭಿಪ್ರಾಯ.


ಉತ್ತರ 2: ವಕೀಲ, ಕಲಬುರಗಿ

ಅಂಬೇಡ್ಕರ್ ಅವರ ಮಾತನ್ನು ನೀವು ಪ್ರಸ್ತಾಪಿಸಿದ್ದೀರಿ. ಅದನ್ನು ಹಗುರವಾಗಿ ದಾಟಿ ಹೋಗಲು ಸಾಧ್ಯವಿಲ್ಲ, ಹೋಗಲೂಬಾರದು. ಆದರೆ ಆ ಮಾತಿನ ನಿಬಂಧನೆಯನ್ನೂ ಓದಬೇಕು. ಸಂವಿಧಾನದ ಮಾರ್ಗಗಳು ತೆರೆದಿರುವಾಗ ಎಂದು ಅವರು ಹೇಳಿದ್ದಾರೆ. ಹಾಗಾದರೆ ಯಾವ ಮಾರ್ಗಗಳನ್ನು ಅವರೂ ಸಂವಿಧಾನ ಸಭೆಯೂ ತೆರೆದಿಟ್ಟರು? 19ನೇ ವಿಧಿಯಲ್ಲಿ ಮಾತನಾಡುವ, ಶಾಂತವಾಗಿ ಸಭೆ ಸೇರುವ, ಸಂಘ ಕಟ್ಟುವ ಹಕ್ಕುಗಳಿವೆ. ಸಂಘ ಕಟ್ಟುವ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿನಲ್ಲಿ ಇಟ್ಟದ್ದು ಆಕಸ್ಮಿಕವಲ್ಲ. ಹಕ್ಕಿಗೆ ಚ್ಯುತಿ ಬಂದಾಗ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದೆನ್ನುವ 32ನೇ ವಿಧಿಯನ್ನು ಸಂವಿಧಾನದ ಆತ್ಮ ಮತ್ತು ಹೃದಯ ಎಂದು ಕರೆದವರೂ ಅಂಬೇಡ್ಕರ್ ಅವರೇ. ನೀವು ಉಲ್ಲೇಖಿಸಿದ ಅದೇ ಭಾಷಣದಲ್ಲಿ ಅವರು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ: ಎಷ್ಟೇ ದೊಡ್ಡ ವ್ಯಕ್ತಿಯಾದರೂ ಅವನ ಪಾದದ ಬಳಿ ಜನರು ತಮ್ಮ ಸ್ವಾತಂತ್ರ್ಯವನ್ನು ತಂದಿಡಬಾರದು. ಆರಿಸಿ ಕಳುಹಿಸಿದ ಮೇಲೆ ಸುಮ್ಮನಿರುವುದೇ ಪ್ರಜೆಯ ಧರ್ಮವೆಂದು ಭಾವಿಸಿದ್ದವರು ಇಂಥ ಎಚ್ಚರಿಕೆ ಕೊಡುತ್ತಿರಲಿಲ್ಲ. ಗ್ರಾಮ ಸಭೆಯಲ್ಲಿ ದಾಖಲೆ ಹಿಡಿದು ಪ್ರಶ್ನೆ ಕೇಳುವುದಕ್ಕಿಂತ ಸಂವಿಧಾನಬದ್ಧವಾದ ಮಾರ್ಗ ಇನ್ನಾವುದಿದೆ?

ಇನ್ನು, ಚುನಾಯಿತರು ತಾವೇ ಬದಲಾವಣೆ ತರಲು ಹಿಂಜರಿಯುವ ವಿಷಯಗಳೂ ಇವೆ. ಚುನಾವಣೆಯ ನಿಯಮಗಳೇ ಅಂಥವು, ಏಕೆಂದರೆ ಅಲ್ಲಿ ನಿಯಮ ಬರೆಯುವವರೇ ನಿಯಮಕ್ಕೆ ಒಳಪಡಬೇಕಾದವರು. ಅಭ್ಯರ್ಥಿಗಳು ತಮ್ಮ ಮೇಲಿರುವ ಕ್ರಿಮಿನಲ್ ಪ್ರಕರಣಗಳು, ಆಸ್ತಿ, ವಿದ್ಯಾರ್ಹತೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕೆಂಬ ನಿಯಮವನ್ನೇ ನೋಡಿ. ಅಹಮದಾಬಾದಿನ ಐಐಎಂನ ಕೆಲವು ಪ್ರಾಧ್ಯಾಪಕರು 1999ರಲ್ಲಿ ಕಟ್ಟಿಕೊಂಡ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್, ಅಂದರೆ ಎಡಿಆರ್, ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. 2002ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರನ ಹಕ್ಕು ಎಂದಿತು. ಪಕ್ಷಭೇದವಿಲ್ಲದೆ ರಾಜಕೀಯ ವಲಯದಲ್ಲಿ ಅದಕ್ಕೆ ವಿರೋಧ ಬಂತು. ಅದೇ ವರ್ಷ ಮೊದಲು ಸುಗ್ರೀವಾಜ್ಞೆ, ಆಮೇಲೆ ಪ್ರಜಾ ಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ಬಂದು, ನ್ಯಾಯಾಲಯ ಏನೇ ಹೇಳಿದ್ದರೂ ಕಾಯ್ದೆಯಲ್ಲಿ ಹೇಳಿರುವಷ್ಟನ್ನು ಮಾತ್ರ ತಿಳಿಸಿದರೆ ಸಾಕು ಎಂಬ 33ಬಿ ಕಲಂ ಸೇರಿತು. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಮೊದಲಾದ ಸಂಸ್ಥೆಗಳು ಮತ್ತೆ ನ್ಯಾಯಾಲಯಕ್ಕೆ ಹೋದವು; 2003ರ ಮಾರ್ಚ್ 13ರಂದು ಆ ಕಲಂ ಅಸಿಂಧುವಾಯಿತು. ಇಂದು ನಮ್ಮ ರಾಜ್ಯದ ಯಾವುದೇ ವಿಧಾನಸಭಾ ಅಭ್ಯರ್ಥಿಯ ಪ್ರಮಾಣಪತ್ರವನ್ನು ನೀವು ಮೊಬೈಲಿನಲ್ಲಿ ತೆರೆದು ಓದಬಹುದಾದರೆ, ಅದರ ಹಿಂದೆ ಮತ ಕೇಳದ ಕೆಲವರ ಈ ಹೋರಾಟವಿದೆ. ಹೆಸರು ಬಹಿರಂಗವಾಗದೆ ಪಕ್ಷಗಳಿಗೆ ದೇಣಿಗೆ ಕೊಡಬಹುದಾಗಿದ್ದ ಚುನಾವಣಾ ಬಾಂಡ್ ಯೋಜನೆಯನ್ನು 2024ರ ಫೆಬ್ರುವರಿ 15ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ರದ್ದು ಮಾಡಿದಾಗಲೂ ಅರ್ಜಿದಾರರ ಪೈಕಿ ಎಡಿಆರ್ ಇತ್ತು. ಈ ಎರಡೂ ಪ್ರಕರಣಗಳಿಂದ ಮತದಾರನಿಗೆ ಹೆಚ್ಚು ಮಾಹಿತಿ ಸಿಕ್ಕಿತು, ಅಂದರೆ ಮತಕ್ಕೆ ಇನ್ನಷ್ಟು ತೂಕ ಬಂತು. ಚುನಾವಣೆಗೂ ನಾಗರಿಕ ಸಂಘಟನೆಗಳಿಗೂ ಸ್ಪರ್ಧೆಯಿದೆ ಎಂಬ ನಿಮ್ಮ ಆತಂಕಕ್ಕೆ ಇದನ್ನು ಉತ್ತರವಾಗಿ ಇಡುತ್ತೇನೆ.


ಉತ್ತರ 3: ಸಾಮಾಜಿಕ ಪರಿಶೋಧನೆಯಲ್ಲಿ ಕೆಲಸ ಮಾಡಿದವಳು, ರಾಯಚೂರು ಜಿಲ್ಲೆ

ಅಕ್ಕಾ, ನಿಮ್ಮ ಸಭೆಯಲ್ಲಿ ಎನ್‌ಎಂಆರ್ ಓದಿದರಲ್ಲ, ಆ ಪದ್ಧತಿ ಹುಟ್ಟಿದ ಬಗೆಯನ್ನು ಹೇಳಿದರೆ ನಿಮ್ಮ ಬೇಸರ ಸ್ವಲ್ಪ ಕಡಿಮೆಯಾಗಬಹುದೆಂದು ಬರೆಯುತ್ತಿದ್ದೇನೆ.

ರಾಜಸ್ಥಾನದಲ್ಲಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಹುಟ್ಟಿತು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅವರು ಹಳ್ಳಿಯ ಕೂಲಿಕಾರರ ಜೊತೆ ಸೇರಿ ಕಟ್ಟಿದ ಸಂಘಟನೆ ಅದು. ಬರಗಾಲದ ಕಾಮಗಾರಿಗಳಲ್ಲಿ ಕನಿಷ್ಠ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ, ನೀವು ಕೆಲಸವನ್ನೇ ಸರಿಯಾಗಿ ಮಾಡಿಲ್ಲ, ದಾಖಲೆಯಲ್ಲಿ ಹಾಗೇ ಇದೆ ಎನ್ನುತ್ತಿದ್ದರು. ಆ ದಾಖಲೆಯನ್ನು ತೋರಿಸಿ ಎಂದರೆ ಅದು ಸರ್ಕಾರದ ಗುಟ್ಟು. 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಊರಿನಲ್ಲಿ ಮೊದಲ ಜನಸುನವಾಯಿ, ಅಂದರೆ ಜನರ ಮುಂದಿನ ವಿಚಾರಣೆ ನಡೆಯಿತು. ಹೇಗೋ ಸಿಕ್ಕಿದ ಹಾಜರಿಪಟ್ಟಿ, ಬಿಲ್ಲುಗಳನ್ನು ಊರವರ ಮುಂದೆ ಓದಿದರು. ಕಟ್ಟಡ ಮುಗಿದಿದೆ ಎಂದು ಬರೆದಿದ್ದನ್ನು ಕೇಳಿದ ಊರವರಿಗೆ, ಆ ಕಟ್ಟಡಕ್ಕೆ ಮೇಲ್ಛಾವಣಿಯೇ ಇಲ್ಲವೆಂಬುದು ಕಣ್ಣೆದುರೇ ಇತ್ತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಅವರು 40 ದಿನ ಧರಣಿ ಕುಳಿತರು. 'ನಮ್ಮ ಹಣ, ನಮಗೆ ಲೆಕ್ಕ' ಎಂಬುದು ಅವರ ಘೋಷಣೆಯ ಸಾರ. ಅದೇ ವರ್ಷ ಮಾಹಿತಿ ಹಕ್ಕಿಗಾಗಿ ರಾಷ್ಟ್ರೀಯ ಆಂದೋಲನ ರೂಪುಗೊಂಡಿತು. ನಮ್ಮ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳು ಮೊದಲೇ ಕಾನೂನು ಮಾಡಿದವು; 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಮಾಹಿತಿ ಹಕ್ಕು ಕಾಯ್ದೆ ಬಂತು. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆ ತನ್ನ 17ನೇ ಕಲಮಿನಲ್ಲಿ ಸಾಮಾಜಿಕ ಪರಿಶೋಧನೆಯ, ಅಂದರೆ ಕಾಮಗಾರಿಯ ಲೆಕ್ಕವನ್ನು ಊರವರೇ ಪರಿಶೀಲಿಸುವ ಕೆಲಸವನ್ನು ಗ್ರಾಮ ಸಭೆಗೇ ಒಪ್ಪಿಸಿತು. ಕಾನೂನನ್ನು ಸಂಘಟನೆಯವರು ಮಾಡಲಿಲ್ಲ, ಸಂಸತ್ತು ಮಾಡಿತು. ಆದರೆ ಬಿಸಿಲಿನಲ್ಲಿ ಕೂತು ಲೆಕ್ಕ ಕೇಳಿದವರಿಲ್ಲದಿದ್ದರೆ ಸಂಸತ್ತಿಗೆ ಅಂಥ ಕಾನೂನು ಬೇಕೆಂದು ತೋಚುತ್ತಿತ್ತೇ?

ಹಣದ ಬಗ್ಗೆ ಕೇಳಿದ್ದೀರಿ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ವಿದೇಶಿ ಹಣವನ್ನಾಗಲಿ ದೊಡ್ಡ ಸಂಸ್ಥೆಗಳ ಅನುದಾನವನ್ನಾಗಲಿ ತೆಗೆದುಕೊಳ್ಳಲಿಲ್ಲ. ಅದರ ಕಾರ್ಯಕರ್ತರು ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿಯಷ್ಟನ್ನೇ ತೆಗೆದುಕೊಂಡು ಬದುಕಿದರು. ಎಲ್ಲ ಸಂಸ್ಥೆಗಳೂ ಹಾಗಿರಲು ಸಾಧ್ಯವಿಲ್ಲ, ನಿಜ. ಆದರೂ ಪಂಚಾಯಿತಿಯ ಲೆಕ್ಕ ಕೇಳುವವರು ತಮ್ಮ ಲೆಕ್ಕವನ್ನು ಮೊದಲು ತೆರೆದಿಡಬೇಕೆಂದು ನೀವು ಬಯಸಿದರೆ ಅದು ನ್ಯಾಯವಾದ ಬಯಕೆ. ಮುಂದಿನ ಸಭೆಯಲ್ಲಿ ಅವರನ್ನು ಕೇಳಿಯೇ ಕೇಳಿ.

ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಪರಿಶೋಧನೆಗೆಂದು ಮನೆಮನೆಗೆ ಹೋದಾಗ ಜಾಬ್ ಕಾರ್ಡನ್ನು ಒಳಗಿನಿಂದ ತರುವ ಹೆಂಗಸರು ಬಾಗಿಲಲ್ಲೇ ನಿಂತು ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳುತ್ತಾರೆ: ಎಷ್ಟು ದಿನ ಹೋದೆ, ಎಷ್ಟು ಹಣ ಖಾತೆಗೆ ಬಿತ್ತು, ಯಾರ ಹೆಸರಿನಲ್ಲಿ ಯಾರು ಹೋದರು. ಮರುದಿನ ಸಭೆಯಲ್ಲಿ ಅದೇ ಹೆಂಗಸರು ಸೆರಗು ಎಳೆದುಕೊಂಡು ಸುಮ್ಮನೆ ಕೂತಿರುತ್ತಾರೆ. ಮಾತಾಡಿದರೆ ಮುಂದಿನ ಸಲ ಕೆಲಸ ಕೊಡುವುದಿಲ್ಲ ಎಂಬ ಭಯ ಅವರದು. ಕೂಲಿಕಾರರ ಸಂಘ ಇರುವ ಊರುಗಳಲ್ಲಿ ಇದು ಬೇರೆಯಾಗಿರುತ್ತದೆ. ಅಲ್ಲಿ ಇಪ್ಪತ್ತು ಹೆಂಗಸರು ಒಟ್ಟಿಗೆ ಪಂಚಾಯಿತಿಗೆ ಹೋಗಿ, ಕೆಲಸ ಬೇಕೆಂಬ ನಮೂನೆ 6 ಅನ್ನು ಕೊಟ್ಟು, ದಿನಾಂಕ ಹಾಕಿದ ರಸೀದಿ ಕೈಗೆ ಬರುವವರೆಗೆ ಕದಲುವುದಿಲ್ಲ. ಒಬ್ಬಳೇ ಹೋದಾಗ ಆ ರಸೀದಿ ಸಿಗುವುದೇ ಇಲ್ಲ. ರಸೀದಿ ಇದ್ದರೆ ಹದಿನೈದು ದಿನದೊಳಗೆ ಕೆಲಸ ಕೊಡಬೇಕು, ಇಲ್ಲವೇ ನಿರುದ್ಯೋಗ ಭತ್ಯೆ ಕೊಡಬೇಕು ಎಂಬುದು 2005ರ ಆ ಉದ್ಯೋಗ ಖಾತರಿ ಕಾಯ್ದೆಯ ಮಾತು. ರಸೀದಿ ಇಲ್ಲದವಳು ಕೆಲಸ ಕೇಳಿದ್ದಳೆಂದು ಯಾವ ಕಾಗದವೂ ಹೇಳುವುದಿಲ್ಲ. ನಾಗರಿಕ ಸಮಾಜ ಎಂಬ ದೊಡ್ಡ ಮಾತಿನ ಕೆಲಸ ನನಗೆ ಕಂಡದ್ದು ಆ ರಸೀದಿಯಲ್ಲಿ.

ಇನ್ನೊಂದು ಮಾತು. ಪರಿಶೋಧನೆಯಿಂದ ಪ್ರಾಮಾಣಿಕ ಸದಸ್ಯರಿಗೆ ರಕ್ಷಣೆಯೂ ಸಿಗುತ್ತದೆ. ಕೂಲಿ ಹಣ ತಡವಾದರೆ ಊರಿನವರು ಬೈಯುವುದು ಸದಸ್ಯರನ್ನೇ. ಹಾಜರಿ, ಅಳತೆ ಪುಸ್ತಕ, ಬಿಲ್ ಎಲ್ಲವೂ ಪಂಚಾಯಿತಿಯಿಂದ ಸಮಯಕ್ಕೆ ಹೋಗಿವೆ, ಹಣ ನಿಂತಿರುವುದು ಮೇಲಿನ ಹಂತದಲ್ಲಿ ಎಂಬುದು ಸಭೆಯಲ್ಲಿ ದಾಖಲೆ ಸಮೇತ ಹೊರಬಂದಾಗ ಎಷ್ಟೋ ಸದಸ್ಯರ ಮುಖದಲ್ಲಿ ಕಳೆ ಬಂದದ್ದನ್ನು ನೋಡಿದ್ದೇನೆ.


ಉತ್ತರ 4: ಬೆಂಗಳೂರು

ಮೇಲಿನ ಉತ್ತರಗಳನ್ನು ಗೌರವದಿಂದಲೇ ಓದಿದೆ. ಆದರೆ ಎಲ್ಲರೂ ಒಳ್ಳೆಯ ಉದಾಹರಣೆಗಳನ್ನೇ ಆರಿಸಿಕೊಂಡಿದ್ದೀರಿ. ಸದಸ್ಯೆಯವರ ಅನುಮಾನದಲ್ಲಿ ಗಟ್ಟಿಯಾದ ಭಾಗವೊಂದಿದೆ, ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಸರ್ಕಾರವೂ ಅಲ್ಲದ, ಮಾರುಕಟ್ಟೆಯೂ ಅಲ್ಲದ, ಜನ ತಾವಾಗಿ ಕೂಡಿಕೊಂಡದ್ದೆಲ್ಲ ನಾಗರಿಕ ಸಮಾಜವೇ ಆದರೆ, ಜಾತಿ ಸಂಘಗಳೂ ಅದರೊಳಗೆ ಬರುತ್ತವೆ, ಬೇರೆ ಜಾತಿಯವರನ್ನು ಮದುವೆಯಾದ ಕುಟುಂಬಕ್ಕೆ ಬಹಿಷ್ಕಾರ ಹಾಕುವ ಊರ ಪಂಚರೂ ಬರುತ್ತಾರೆ. ಮಹಾರಾಷ್ಟ್ರದಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧವೇ ಪ್ರತ್ಯೇಕ ಕಾಯ್ದೆ ತರಬೇಕಾಯಿತೆಂದರೆ, ಕೂಡಿಕೊಂಡ ಜನರಿಂದ ಒಬ್ಬಂಟಿ ಪ್ರಜೆಯನ್ನು ಕಾಪಾಡುವ ಕೆಲಸವೂ ಸರ್ಕಾರಕ್ಕಿದೆ ಎಂದರ್ಥ. ಸಂಘಟನೆಗಳ ಸಂಖ್ಯೆ ಹೆಚ್ಚಿದಷ್ಟೂ ಪ್ರಜಾಪ್ರಭುತ್ವ ಬಲಗೊಳ್ಳುತ್ತದೆ ಎಂಬ ಲೆಕ್ಕವನ್ನು ನಾನು ಒಪ್ಪಲಾರೆ.

ನಮ್ಮ ನಗರದ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯ ವಿರುದ್ಧ 2016ರ ಅಕ್ಟೋಬರ್‌ನಲ್ಲಿ ಸಾವಿರಾರು ನಾಗರಿಕರು ಮಾನವ ಸರಪಳಿ ಮಾಡಿದರು. ನೂರಾರು ಮರಗಳು ಉಳಿಯಬೇಕೆಂಬ, ಅಷ್ಟು ದೊಡ್ಡ ಮೊತ್ತದ ಯೋಜನೆಯನ್ನು ಜನರ ಮುಂದಿಟ್ಟು ಚರ್ಚಿಸಬೇಕೆಂಬ ಅವರ ಬೇಡಿಕೆ ಸರಿಯಾದದ್ದೇ; ನಾನೂ ಅದನ್ನು ಬೆಂಬಲಿಸಿದವನು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅದೇ ನಗರದ ರಸ್ತೆಗಳನ್ನು ಗುಡಿಸುವ ಪೌರಕಾರ್ಮಿಕರು, ಅವರಲ್ಲಿ ಬಹುಪಾಲು ದಲಿತ ಮಹಿಳೆಯರು, ಗುತ್ತಿಗೆ ಪದ್ಧತಿ ತೊಲಗಲಿ ಎಂದು ವರ್ಷಗಟ್ಟಲೆ ಕೂಗಿದರು. 2022ರ ಜುಲೈಯಲ್ಲಿ ರಾಜ್ಯದಾದ್ಯಂತ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ ಮೇಲೆ, 11 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಾಯಂ ಮಾಡುವ ತೀರ್ಮಾನ ಹೊರಬಿತ್ತು. ಒಂದು ಧ್ವನಿ ಕೆಲವೇ ತಿಂಗಳಲ್ಲಿ ಕೇಳಿಸಿತು, ಇನ್ನೊಂದಕ್ಕೆ ವರ್ಷಗಳೇ ಬೇಕಾದವು. ಇಂಗ್ಲಿಷ್ ಬಲ್ಲ, ಮಾಧ್ಯಮದಲ್ಲಿ ಪರಿಚಯವಿರುವ, ರಜಾದಿನ ಬೀದಿಗಿಳಿಯಲು ಬಿಡುವಿರುವ ಜನರ ನಾಗರಿಕ ಸಮಾಜಕ್ಕೂ, ಒಂದು ದಿನ ಕೆಲಸ ಬಿಟ್ಟರೆ ಅಂದಿನ ಕೂಲಿ ಕಳೆದುಕೊಳ್ಳುವವರ ಸಂಘಕ್ಕೂ ನಡುವೆ ಇರುವ ಅಂತರವನ್ನು ಮರೆಮಾಚಬಾರದು.

ಹಣದ ವಿಷಯದಲ್ಲಿ ಲೆಕ್ಕ ಕೇಳುವ ಕಾನೂನುಗಳು ಇಲ್ಲವೆಂದಲ್ಲ. ಸಂಘಗಳ ನೋಂದಣಿ ಕಾಯ್ದೆಯಡಿ ವರ್ಷವರ್ಷ ಲೆಕ್ಕಪತ್ರ ಸಲ್ಲಿಸಬೇಕು. ವಿದೇಶಿ ದೇಣಿಗೆಗೆ ಪ್ರತ್ಯೇಕ ಕಾಯ್ದೆಯಿದ್ದು, 2020ರ ತಿದ್ದುಪಡಿಯ ನಂತರ ಆಡಳಿತದ ಖರ್ಚು ನೂರಕ್ಕೆ 20ನ್ನು ದಾಟುವಂತಿಲ್ಲ, ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಇದರಿಂದ ಹೆಚ್ಚು ಪೆಟ್ಟು ಬಿದ್ದದ್ದು, ದೊಡ್ಡ ಸಂಸ್ಥೆಗಳ ಮೂಲಕ ಅಲ್ಪಸ್ವಲ್ಪ ಹಣ ಪಡೆದು ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ಸಣ್ಣವರಿಗೆ. ಆದ್ದರಿಂದ ಸರ್ಕಾರದ ಅಂಕುಶವೇ ಉತ್ತರವೆಂದು ನಾನು ಹೇಳುವುದಿಲ್ಲ. ಯಾವ ಊರಿನಲ್ಲಿ ಕೆಲಸ ಮಾಡುತ್ತಾರೋ ಆ ಊರಿನ ಜನಕ್ಕೆ, ಅವರ ಭಾಷೆಯಲ್ಲಿ, ಸಂಸ್ಥೆ ಲೆಕ್ಕ ಒಪ್ಪಿಸಬೇಕು. ಅದನ್ನು ಮಾಡದವರ ಪ್ರಶ್ನೆ ಸರಿಯಾಗಿದ್ದರೂ ಅದಕ್ಕೆ ಸಿಗಬೇಕಾದ ಬೆಲೆ ಸಿಗುವುದಿಲ್ಲ.


ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಕುಸನೂರಿನ ಸಂಗತಿಯನ್ನು ನಮ್ಮ ಮಾವನವರಲ್ಲಿ ಕೇಳಿದೆ. ಆ ದಿನ ನಮ್ಮ ಊರಿನಿಂದಲೂ ಜನ ಹೋಗಿದ್ದರಂತೆ. ಮುಂದಿನ ಗ್ರಾಮ ಸಭೆಗೆ ಮುನ್ನ ಕಾಮಗಾರಿಯ ಎನ್‌ಎಂಆರ್ ಮತ್ತು ಬಿಲ್ಲುಗಳ ಪ್ರತಿಯನ್ನು ಯಾರೂ ಅರ್ಜಿ ಹಾಕದೆಯೇ ಸೂಚನಾ ಫಲಕಕ್ಕೆ ಹಚ್ಚಬೇಕೆಂದು ಅಧ್ಯಕ್ಷರಿಗೂ ಪಿಡಿಒ ಅವರಿಗೂ ಪತ್ರ ಕೊಡುತ್ತೇನೆ. ಸಂಸ್ಥೆಯವರಿಗೂ, ನೀವು ನಮ್ಮ ತಾಲ್ಲೂಕಿನಲ್ಲಿ ಮಾಡಿದ ಖರ್ಚಿನ ವಿವರವನ್ನು ಅದೇ ಫಲಕದಲ್ಲಿ ಹಾಕಿ ಎಂದು ಹೇಳುತ್ತೇನೆ.

ಒಂದು ಅನುಮಾನ ಉಳಿದಿದೆ. ಸಂಘವಿರುವವರ ಮಾತು ಸಂಘದ ಮೂಲಕ ಬರುತ್ತದೆ, ಹಣವಂತರ ಮಾತು ಹಣದ ಮೂಲಕ ಬರುತ್ತದೆ. ನಮ್ಮ ಊರಿನಲ್ಲಿ ಯಾವ ಸಂಘಕ್ಕೂ ಸೇರದ, ಗ್ರಾಮ ಸಭೆಗೂ ಬಾರದ ಮನೆಗಳು ಬಹಳ ಇವೆ. ಅವರ ಪರವಾಗಿ ಮಾತನಾಡುತ್ತೇವೆಂದು ನಾನೂ ಹೇಳುತ್ತೇನೆ, ಸಂಸ್ಥೆಯವರೂ ಹೇಳುತ್ತಾರೆ.


ರಾಯಚೂರಿನಿಂದ ಮತ್ತೆ

ಅಕ್ಕಾ, ಗ್ರಾಮ ಸಭೆಗೆ ಮುನ್ನ ವಾರ್ಡ್ ಸಭೆ ನಡೆಸಬೇಕೆಂದು ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಬಹಳ ಕಡೆ ಅದು ರಿಜಿಸ್ಟರಿನಲ್ಲಿ ಸಹಿ ಹಾಕಿಸುವುದರಲ್ಲೇ ಮುಗಿದುಹೋಗುತ್ತದೆ. ನಿಮ್ಮ ವಾರ್ಡಿನ ಸಭೆಯನ್ನು ನಡುಹಗಲು ಪಂಚಾಯಿತಿ ಕಟ್ಟಡದಲ್ಲಿ ಕರೆಯಬೇಡಿ. ಆ ಮನೆಗಳಿರುವ ಕೇರಿಯಲ್ಲೇ, ಹೆಂಗಸರು ಕೂಲಿಯಿಂದ ಬಂದು ರೊಟ್ಟಿ ಬಡಿದು ಮುಗಿಸಿದ ಮೇಲೆ ಕರೆಯಿರಿ. ಡಂಗುರ ಹಿಂದಿನ ದಿನವೇ ಸಾರಿಸಿ. ಬಂದವರು ಹೇಳಿದ್ದನ್ನು ಅವರೆದುರೇ ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಅವರಿಗೇ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟನ್ನೋ ಸಹಿಯನ್ನೋ ತೆಗೆದುಕೊಳ್ಳಿ. ಆ ಸಭೆಗೆ ಸಂಸ್ಥೆಯವರು ಬಂದರೆ ಬರಲಿ, ಹಿಂದಿನ ಸಾಲಿನಲ್ಲಿ ಕೂತು ಕೇಳಲಿ. ಬೇಡಿಕೆಗಳನ್ನು ಕ್ರಿಯಾ ಯೋಜನೆಗೆ ಸೇರಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ. ಸೇರಿತೋ ಇಲ್ಲವೋ ಎಂದು ಮುಂದಿನ ಸಭೆಯಲ್ಲಿ ಅವರೂ ಕೇಳಲಿ, ಕೇರಿಯವರೂ ಕೇಳಲಿ.